ಅಂಬಾಸಿಡರ್ ರಾಕರ್ ಬುಷ್ ಸವೆದಿದೆ: ಬುಷ್ ಮಾತ್ರ ಹಾಕಿಸಿದರೆ ಸಾಕಾ, ಶಾಫ್ಟೂ ಬೇಕಾ?

ಬಟವಾಡಿ ಮಾರ್ಕ್ 4 (ತುಮಕೂರು)

ಎಲ್ಲರಿಗೂ ನಮಸ್ಕಾರ. ನಮ್ಮದು 1984ರ ಅಂಬಾಸಿಡರ್ ಮಾರ್ಕ್ 4. ಪೆಟ್ರೋಲ್, 1489 ಸಿಸಿ. ಅಪ್ಪ ತೆಗೆದುಕೊಂಡ ಗಾಡಿ. ಅವರಿಗೆ ಈಗ ಓಡಿಸಲು ಆಗುವುದಿಲ್ಲ. ಆದರೂ ದಿನಾ ಬೆಳಿಗ್ಗೆ ಕಾಫಿ ಲೋಟ ಹಿಡಿದುಕೊಂಡು ಬಂದು ಗಾಡಿಯನ್ನು ಒಂದು ಸುತ್ತು ನೋಡಿ ಹೋಗುತ್ತಾರೆ.

ಎರಡು ತಿಂಗಳಿಂದ ಟಪ್ಪೆಟ್ ಕವರ್ ಒಳಗಿಂದ ಟಿಕ್ ಟಿಕ್ ಅಂತ ಸದ್ದು. ಮೂರು ಸಲ ಟಪ್ಪೆಟ್ ಸೆಟ್ ಮಾಡಿದೆ, ಅಂದರೆ ವಾಲ್ವ್ ತುದಿಗೂ ಅದನ್ನು ಒತ್ತಿ ತೆರೆಯುವ ರಾಕರ್ ತೋಳಿಗೂ ನಡುವಿನ ಗ್ಯಾಪ್ ಸರಿ ಮಾಡಿದೆ. ಗ್ಯಾಪ್ ಅಳೆಯುವ ಫೀಲರ್ ಗೇಜ್‌ನಲ್ಲಿ ಎಂಟಕ್ಕೆ ಎಂಟೂ ಸರಿಯಾಗಿ 15 ಥೌ (ಒಂದು ಥೌ ಅಂದರೆ ಇಂಚಿನ ಸಾವಿರದಲ್ಲೊಂದು ಭಾಗ). ಸ್ಟಾರ್ಟ್ ಮಾಡಿದರೆ ಮತ್ತೆ ಅದೇ ಸದ್ದು. ನಿನ್ನೆ ಕವರ್ ಬಿಚ್ಚಿ ರಾಕರ್‌ಗಳನ್ನು ಒಂದೊಂದಾಗಿ ಕೈಯಲ್ಲಿ ಹಿಡಿದು ಎತ್ತಿ ನೋಡಿದೆ. ಮೂರನೆಯದು, ಆರನೆಯದು ತಾವು ಕೂತಿರುವ ಶಾಫ್ಟ್ ಮೇಲೆ ಚೆನ್ನಾಗಿ ಆಡುತ್ತಿವೆ. ಮಿಕ್ಕವೂ ಪೂರ್ತಿ ಬಿಗಿ ಇಲ್ಲ.

ಒಂದು ಗ್ಯಾರೇಜ್‌ನವರು ಎಂಜಿನ್ ಪೂರ್ತಿ ಇಳಿಸಬೇಕು, 35 ಸಾವಿರ ಆಗುತ್ತೆ ಎಂದರು. ಇನ್ನೊಬ್ಬರು ರಾಕರ್ ಸೆಟ್ ಬಿಚ್ಚಿ ಬುಷ್ (ರಾಕರ್ ತೂತಿನೊಳಗೆ ಕೂರುವ ಲೋಹದ ಬಳೆ) ಹೊಡೆದು ಹಾಕಿದರೆ ಆಯ್ತು, ಅರ್ಧ ದಿನದ ಕೆಲಸ ಎಂದರು. ಇಬ್ಬರ ಮಾತಿಗೂ ಇಷ್ಟು ದೂರ ಇದ್ದರೆ ಯಾರನ್ನು ನಂಬಲಿ? ಮಾಡಿಸಿದವರು ಯಾರಾದರೂ ಇದ್ದರೆ ಹೇಳಿ.

ಶಿರಾ ಗೇಟ್

20ಡಬ್ಲ್ಯು50 ಆಯಿಲ್ ಹಾಕಿ ನೋಡಿ ಅಣ್ಣ. ದಪ್ಪ ಆಯಿಲ್‌ಗೆ ಸದ್ದು ಕಡಿಮೆ ಆಗುತ್ತೆ.

ಬಟವಾಡಿ ಮಾರ್ಕ್ 4

ಅದನ್ನೇ ಹಾಕಿರುವುದು. ತಣ್ಣಗಿದ್ದಾಗ ಹತ್ತು ನಿಮಿಷ ಕಡಿಮೆ ಇರುತ್ತದೆ. ಬಿಸಿ ಆದಮೇಲೆ ಮತ್ತೆ ಜಾಸ್ತಿ.

ಚಾಂಪಿಯನ್ ರೀಫ್ (ಕೆಜಿಎಫ್)

ಎಂಜಿನ್ ಇಳಿಸಬೇಡಿ. ರಾಕರ್ ಇರುವುದು ಹೆಡ್ ಮೇಲೆ, ಅಂದರೆ ಎಂಜಿನ್‌ನ ಮೇಲಿನ ಭಾಗದ ಮೇಲೆ. ಎಂಜಿನ್ ಗಾಡಿಯಲ್ಲೇ ಇರಲಿ.

ನೀವು ಹೇಳಿದ ಲಕ್ಷಣ ಬುಷ್ ಸವೆತದ್ದೇ. ಫೀಲರ್ ಸರಿ ತೋರಿಸಿದರೂ ಸದ್ದು ಯಾಕೆ ಬರುತ್ತದೆ ಎಂದರೆ, ನೀವು ಗೇಜ್ ಹಾಕುವಾಗ ರಾಕರ್ ತನ್ನ ಭಾರಕ್ಕೆ ಶಾಫ್ಟ್ ಮೇಲೆ ಕೆಳಗೆ ಕೂತಿರುತ್ತದೆ. ಎಂಜಿನ್ ಓಡುವಾಗ ಹಾಗಿರುವುದಿಲ್ಲ. ಒಂದು ತುದಿಯನ್ನು ಪುಶ್ ರಾಡ್ ಮೇಲಕ್ಕೆ ತಳ್ಳುತ್ತದೆ. ಇನ್ನೊಂದು ತುದಿಯನ್ನು ವಾಲ್ವ್ ಸ್ಪ್ರಿಂಗ್ ಮೇಲಕ್ಕೆ ತಳ್ಳುತ್ತದೆ. ನಡುವೆ ರಾಕರ್ ಪೂರ್ತಿ ಮೇಲೆ ಎದ್ದು ಶಾಫ್ಟ್‌ನ ಅಡಿಭಾಗಕ್ಕೆ ಒತ್ತಿಕೊಳ್ಳುತ್ತದೆ. ಬುಷ್‌ನಲ್ಲಿ ಎಷ್ಟು ಆಟ ಇದೆಯೋ ಅದೂ ನಿಮ್ಮ 15 ಥೌಗೆ ಸೇರಿಕೊಳ್ಳುತ್ತದೆ. ಗೇಜ್‌ಗೆ ಅದು ಕಾಣುವುದಿಲ್ಲ.

ಇದರಿಂದಲೇ ಶಾಫ್ಟ್ ಯಾವಾಗಲೂ ಅಡಿಭಾಗದಲ್ಲಿ ಸವೆಯುತ್ತದೆ. ಮೇಲಿಂದ ನೋಡಿದರೆ ಹೊಸದರ ಹಾಗೆ ಹೊಳೆಯುತ್ತಿರುತ್ತದೆ. ತಿರುಗಿಸಿ ಉಗುರು ಆಡಿಸಿ ನೋಡಿ, ಮೆಟ್ಟಿಲು ಸಿಗುತ್ತದೆ. ಮೆಟ್ಟಿಲು ಸಿಕ್ಕರೆ ಹೊಸ ಬುಷ್ ಒಂದನ್ನೇ ಹಾಕಿ ಉಪಯೋಗ ಇಲ್ಲ. ಶಾಫ್ಟೂ ಹೊಸದು ಬೇಕು.

ಇನ್ನೊಂದು ಮಾತು. ರಾಕರ್‌ನ ಮೂತಿ, ಅಂದರೆ ವಾಲ್ವ್ ತುದಿಗೆ ತಾಗುವ ಜಾಗ, ಗುಳಿ ಬಿದ್ದಿದೆಯಾ ನೋಡಿ. ಗುಳಿ ಇದ್ದರೆ ಫೀಲರ್ ಅದರ ಎರಡು ಅಂಚಿನ ಮೇಲೆ ಸೇತುವೆ ಹಾಗೆ ನಿಲ್ಲುತ್ತದೆ. ಆಗಲೂ ಲೆಕ್ಕ ತಪ್ಪುತ್ತದೆ.

ಗೌರಿಬಿದನೂರು ಪದ್ಮಿನಿ

ಬುಷ್ ತಂದಮೇಲೆ ಒಂದು ದಿನ ಪೂರ್ತಿ ಎಂಜಿನ್ ಆಯಿಲ್‌ನಲ್ಲಿ ನೆನೆಸಿಡಿ. ನೆನೆಸದೆ ಹಾಕಿದರೆ ಬೇಗ ಹೋಗುತ್ತದೆ. ನಾನು ನಮ್ಮ ಪದ್ಮಿನಿ ಕಾರಿಗೆ ಹಾಗೇ ಮಾಡಿದ್ದು.

ಚಾಂಪಿಯನ್ ರೀಫ್

ಸರ್, ನೀವು ಹೇಳುತ್ತಿರುವುದು ಡೈನಮೋ ಬುಷ್ ಅಲ್ವಾ? ಅದು ಪುಡಿಯನ್ನು ಒತ್ತಿ ಮಾಡಿದ ಕಂಚಿನ ಬುಷ್. ಮೈಯೆಲ್ಲಾ ಸಣ್ಣ ರಂಧ್ರ ಇರುತ್ತದೆ, ಆಯಿಲ್ ಕುಡಿಯುತ್ತದೆ. ಅದಕ್ಕೆ 24 ಗಂಟೆ ನೆನೆಸುವುದು ಸರಿ. ಅರ್ಜೆಂಟ್ ಇದ್ದರೆ 100 ಡಿಗ್ರಿ ಬಿಸಿ ಆಯಿಲ್‌ನಲ್ಲಿ ಎರಡು ಗಂಟೆ ಇಟ್ಟು, ಆಯಿಲ್‌ನಲ್ಲೇ ಆರಲು ಬಿಡಬೇಕು. ಆ ಬುಷ್‌ಗೆ ರೀಮರ್ (ತೂತಿನ ಒಳಮೈ ಸವರಿ ಅಳತೆಗೆ ತರುವ ಉಪಕರಣ) ಹಾಕಲೇಬಾರದು, ರಂಧ್ರ ಮುಚ್ಚಿಹೋಗುತ್ತದೆ.

ರಾಕರ್ ಬುಷ್ ಬೇರೆ. ಅದು ತಗಡನ್ನು ಸುತ್ತಿ ಮಾಡಿದ್ದು, ಒಂದು ಕಡೆ ಸಂದು ಇರುತ್ತದೆ. ಆಯಿಲ್ ಅದಕ್ಕೆ ಶಾಫ್ಟ್ ಒಳಗಿಂದ ಒತ್ತಡದಲ್ಲಿ ಬರುತ್ತದೆ. ಇದಕ್ಕೆ ರೀಮರ್ ಹಾಕಲೇಬೇಕು. ಎರಡೂ ತದ್ವಿರುದ್ಧ.

ಗೌರಿಬಿದನೂರು ಪದ್ಮಿನಿ

ಹೌದು, ಡೈನಮೋದ್ದೇ. ಎರಡೂ ಬುಷ್ ಅಂತ ಒಂದೇ ಎಂದುಕೊಂಡಿದ್ದೆ. ತಿದ್ದಿದ್ದಕ್ಕೆ ಧನ್ಯವಾದ.

ಶಿಡ್ಲಘಟ್ಟ ರೀಲಿಂಗ್

ಅಂಗಡಿ ಬುಷ್ ಯಾಕೆ ಬೇಕು? ಲೇತ್‌ನಲ್ಲಿ ಗನ್‌ಮೆಟಲ್ ಕಡ್ಡಿಯಿಂದ ತಿರುಗಿಸಿಕೊಡುತ್ತಾರೆ. ನಮ್ಮ ರೇಷ್ಮೆ ರೀಲಿಂಗ್ ಮೆಷಿನ್‌ಗೆ ವರ್ಷಗಳಿಂದ ಹಾಗೇ ಮಾಡಿಸುತ್ತಿದ್ದೇವೆ. ಶಾಫ್ಟ್ ಸವೆದಿದ್ದರೂ ಪರವಾಗಿಲ್ಲ, ಆ ಅಳತೆಗೇ ಸ್ವಲ್ಪ ಸಣ್ಣ ತೂತು ಕೊರೆಸಿದರೆ ಆಯ್ತು. ಸುಮ್ನೆ ಶಾಫ್ಟ್‌ಗೆ ದುಡ್ಡು ಯಾಕೆ?

ವಾಚ್ ಮೇಷ್ಟ್ರು (ತುಮಕೂರು)

ಇದನ್ನು ಒಪ್ಪುವುದಿಲ್ಲ. ನಾನು ಎಚ್‌ಎಂಟಿ ವಾಚ್ ಫ್ಯಾಕ್ಟರಿಯಲ್ಲಿ ಅಳತೆ ವಿಭಾಗದಲ್ಲಿದ್ದೆ. ನಮ್ಮ ಊರಿನ ಆ ಫ್ಯಾಕ್ಟರಿ ಈಗಿಲ್ಲ, ಆದರೆ ಅಲ್ಲಿ ಕಲಿತದ್ದು ಕೈಯಲ್ಲಿದೆ. ಸವೆದ ಶಾಫ್ಟ್ ಗುಂಡಗಿರುವುದಿಲ್ಲ. ಮೇಲೆ ಒಂದು ಅಳತೆ, ಅಡಿಯಲ್ಲಿ ಮೆಟ್ಟಿಲು. ಗುಂಡಗಿಲ್ಲದ ಶಾಫ್ಟ್‌ಗೆ ಗುಂಡಗಿರುವ ಬುಷ್ ಯಾವ ಅಳತೆಗೆ ಕೊರೆಯುತ್ತೀರಿ? ಸವೆದ ಜಾಗಕ್ಕೆ ಕೊರೆದರೆ ಶಾಫ್ಟ್ ಮೇಲೆ ತೂರುವುದೇ ಇಲ್ಲ. ತೂರುವಷ್ಟು ಕೊರೆದರೆ ಆಟ ಹಾಗೇ ಉಳಿಯುತ್ತದೆ.

ಅಂಬಾಸಿಡರ್‌ನ ಈ ಬಿಎಂಸಿ (ಬ್ರಿಟಿಷ್ ಕಂಪನಿ) ಎಂಜಿನ್‌ಗೆ ಶಾಫ್ಟ್ ಹೊಸದಿದ್ದಾಗ 0.624ರಿಂದ 0.625 ಇಂಚು. ಬುಷ್ ರೀಮ್ ಆದಮೇಲೆ ಒಳ ಅಳತೆ 0.6255ರಿಂದ 0.626. ಅಂದರೆ ನಡುವೆ ಇರಬೇಕಾದದ್ದು ಅರ್ಧ ಥೌನಿಂದ 2 ಥೌ. ಅಷ್ಟೇ. ವರ್ನಿಯರ್‌ನಲ್ಲಿ ಇದು ನಂಬಿಕೆಗೆ ಸಿಗುವುದಿಲ್ಲ. ಮೈಕ್ರೋಮೀಟರ್ ಬೇಕು.

ಬಟವಾಡಿಯವರೇ, ಶಾಫ್ಟ್ ಬಿಚ್ಚಿದಮೇಲೆ ಮನೆಗೆ ತನ್ನಿ. ಮೈಕ್ರೋಮೀಟರ್ ಇದೆ. ಅಳೆದು ನೋಡಿಯೇ ಸಾಮಾನು ತರೋಣ.

ಶಿಡ್ಲಘಟ್ಟ ರೀಲಿಂಗ್

ಮೇಷ್ಟ್ರೇ, ಗುಂಡಗಿಲ್ಲ ಎನ್ನುವ ಮಾತು ಒಪ್ಪಿದೆ. ನಮ್ಮ ಮೆಷಿನ್‌ನಲ್ಲಿ ಶಾಫ್ಟೇ ತಿರುಗುವುದು, ಸುತ್ತಲೂ ಸವೆಯುತ್ತದೆ. ಇಲ್ಲಿ ಶಾಫ್ಟ್ ನಿಂತಿರುತ್ತದೆ, ಅದನ್ನು ಯೋಚಿಸಿರಲಿಲ್ಲ. ಆದರೆ ಗನ್‌ಮೆಟಲ್ ಬುಷ್ ಕೆಟ್ಟದ್ದು ಅಂತ ಮಾತ್ರ ಹೇಳಬೇಡಿ.

ವಾಚ್ ಮೇಷ್ಟ್ರು

ಕೆಟ್ಟದ್ದಲ್ಲ. ಗನ್‌ಮೆಟಲ್ಲೋ ಫಾಸ್ಫರ್ ಬ್ರಾಂಜೋ ಆದರೆ ಸರಿ. ಹಿತ್ತಾಳೆ ಕಡ್ಡಿಯಿಂದ ಮಾಡಿಕೊಟ್ಟರೆ ಬೇಡ ಎನ್ನಿ. ನೋಡಲು ಎಲ್ಲಾ ಹಳದಿ, ಬಾಳಿಕೆ ಬೇರೆ.

ಚಿಂತಾಮಣಿ ಟ್ಯಾಕ್ಸಿ

ಯಾರೂ ಹೇಳದ ಒಂದು ವಿಷಯ ಹೇಳುತ್ತೇನೆ, ದಯವಿಟ್ಟು ಬಿಚ್ಚುವ ಮುಂಚೆ ಓದಿ.

ನಮ್ಮ ತಂದೆ ಚಿಂತಾಮಣಿಯಲ್ಲಿ ಅಂಬಾಸಿಡರ್ ಟ್ಯಾಕ್ಸಿ ಇಟ್ಟಿದ್ದರು. ಇದೇ ಸದ್ದು ಬಂತು. ಒಬ್ಬ ಮೆಕ್ಯಾನಿಕ್ ಕವರ್ ಬಿಚ್ಚಿ, ರಾಕರ್ ಬ್ರಾಕೆಟ್ ನಟ್‌ಗಳನ್ನಷ್ಟೇ ಬಿಚ್ಚಿ, ಸೆಟ್ ಎತ್ತಿಕೊಂಡ. ಬುಷ್ ಹಾಕಿದ, ಕೂರಿಸಿದ, ಬಿಗಿ ಮಾಡಿದ. ಸದ್ದು ನಿಂತಿತು. ನಾಲ್ಕನೇ ದಿನ ತಂದೆ ಆಯಿಲ್ ಕಡ್ಡಿ ತೆಗೆದು ನೋಡಿದರೆ ಆಯಿಲ್ ಹಾಲು ಹಾಕಿದ ಕಾಫಿ ಬಣ್ಣ. ರೇಡಿಯೇಟರ್ ನೀರು ಒಳಗೆ ಹೋಗಿತ್ತು. ಆ ತಿಂಗಳು ಗಾಡಿ ನಿಂತಿತು. ಅಮ್ಮ ಒಡವೆ ಅಡ ಇಟ್ಟರು. ನನಗಾಗ ಹನ್ನೊಂದು ವರ್ಷ, ಇನ್ನೂ ಚೆನ್ನಾಗಿ ನೆನಪಿದೆ.

ಕಾರಣ ಆಮೇಲೆ ಗೊತ್ತಾಯಿತು. ಈ ಎಂಜಿನ್‌ನಲ್ಲಿ ರಾಕರ್ ಬ್ರಾಕೆಟ್ ಹಿಡಿದಿರುವ ನಟ್‌ಗಳಲ್ಲಿ ನಾಲ್ಕು ನಟ್ ಹೆಡ್ ಅನ್ನೂ ಹಿಡಿದಿರುತ್ತವೆ. ಅವನ್ನಷ್ಟೇ ಸಡಿಲಿಸಿದರೆ ಹೆಡ್‌ನ ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲ. ಹೆಡ್ ಸೊಟ್ಟ ಆಗಿ ಗ್ಯಾಸ್ಕೆಟ್ ಬಿಡುತ್ತದೆ. ನೀರು ಸಿಲಿಂಡರ್‌ಗೆ, ಅಡಿಯಲ್ಲಿ ಆಯಿಲ್ ಇರುವ ಸಂಪ್‌ಗೆ ಇಳಿಯುತ್ತದೆ. ಆದ್ದರಿಂದ ಮೊದಲು ರೇಡಿಯೇಟರ್ ನೀರು ಪೂರ್ತಿ ಇಳಿಸಬೇಕು. ಹೊರಗಿನ ಏಳು ಹೆಡ್ ನಟ್‌ಗಳನ್ನೂ ಇವುಗಳ ಜೊತೆಗೇ, ಕ್ರಮವಾಗಿ, ಸ್ವಲ್ಪ ಸ್ವಲ್ಪ ಸಡಿಲಿಸಬೇಕು. ಬಿಗಿ ಮಾಡುವಾಗಲೂ ನಡುವಿನಿಂದ ಹೊರಕ್ಕೆ, ಟಾರ್ಕ್ ರೆಂಚ್‌ನಲ್ಲಿ, ಮ್ಯಾನ್ಯುಯಲ್‌ನಲ್ಲಿರುವ ಲೆಕ್ಕಕ್ಕೆ.

ಅರ್ಧ ದಿನದ ಕೆಲಸ ಎಂದವರನ್ನು ಒಂದೇ ಪ್ರಶ್ನೆ ಕೇಳಿ: ನೀರು ಇಳಿಸುತ್ತೀರಾ? ಯಾಕೆ ಎಂದು ಕೇಳಿದರೆ ಗಾಡಿ ಕೊಡಬೇಡಿ.

ಬಟವಾಡಿ ಮಾರ್ಕ್ 4

ಅಕ್ಕ, ನಾಳೆಯೇ ಅವರ ಹತ್ತಿರ ಬಿಡೋಣ ಎಂದಿದ್ದೆ. ಬಹಳ ಉಪಕಾರ ಆಯಿತು. ಇಂದು ಸಂಜೆ ಫೋನ್ ಮಾಡಿ ಕೇಳಿದೆ. ನೀರಿಗೂ ರಾಕರ್‌ಗೂ ಏನು ಸಂಬಂಧ ಎಂದರು.

ಚಾಂಪಿಯನ್ ರೀಫ್

ಚಿಂತಾಮಣಿಯವರ ಮಾತು ನೂರಕ್ಕೆ ನೂರು ಸರಿ. ನಾನು ಬರೆಯಬೇಕಿತ್ತು, ಮರೆತೆ. ಇದೇ ಎಲ್ಲಕ್ಕಿಂತ ಮುಖ್ಯ.

ಹೊಸ ಗಾಡಿ

ಇಷ್ಟೆಲ್ಲಾ ಯಾಕೆ? 2014ರಲ್ಲೇ ಅಂಬಾಸಿಡರ್ ಮಾಡುತ್ತಿದ್ದ ಉತ್ತರಪಾರಾ ಫ್ಯಾಕ್ಟರಿ ನಿಂತಿತು. ಸಾಮಾನು ಸಿಗುವುದಿಲ್ಲ, ಪೆಟ್ರೋಲ್ ಕುಡಿಯುತ್ತದೆ. ಕೊಟ್ಟು ಒಂದು ಸಣ್ಣ ಕಾರು ತೆಗೆದುಕೊಳ್ಳಿ. ಅಪ್ಪನಿಗೂ ಹತ್ತಿ ಇಳಿಯಲು ಅನುಕೂಲ.

ಬಟವಾಡಿ ಮಾರ್ಕ್ 4

ಹತ್ತಿ ಇಳಿಯಲು ಅಪ್ಪನಿಗೆ ಇದೇ ಅನುಕೂಲ. ಸೀಟು ಎತ್ತರ ಇದೆ, ಮೊಣಕಾಲು ಮಡಚಬೇಕಿಲ್ಲ. ಸಾಮಾನು ಬೆಂಗಳೂರು ಜೆ.ಸಿ. ರೋಡ್‌ನಲ್ಲಿ ಈಗಲೂ ಸಿಗುತ್ತದೆ. ನಾನು ಕೊಡುವುದಿಲ್ಲ.

ಶಿರಾ ಗೇಟ್

ವಿಂಟೇಜ್ ನಂಬರ್ ಮಾಡಿಸಿಕೊಳ್ಳಬಹುದಾ ಇದಕ್ಕೆ? 2021ರಲ್ಲಿ ಏನೋ ರೂಲ್ಸ್ ಬಂತಲ್ಲ.

ವಾಚ್ ಮೇಷ್ಟ್ರು

ಅದಕ್ಕೆ ಮೊದಲ ನೋಂದಣಿಯಿಂದ 50 ವರ್ಷ ಆಗಬೇಕು. 1984ರ ಗಾಡಿಗೆ 2034. ಅಲ್ಲದೆ ವಿಂಟೇಜ್ ಮಾಡಿಸಿದರೆ ದಿನಾ ರಸ್ತೆಗೆ ಇಳಿಸುವ ಹಾಗಿಲ್ಲ. ಓಡಿಸುವ ಗಾಡಿಗೆ ಅದು ಬೇಡ. ಈಗ ಬುಷ್ ವಿಷಯಕ್ಕೆ ಬನ್ನಿ.

ಗೌರಿಬಿದನೂರು ಪದ್ಮಿನಿ

ಶಾಫ್ಟ್ ಉಲ್ಟಾ ತಿರುಗಿಸಿ ಹಾಕಿದರೆ ಸವೆಯದ ಕಡೆ ಕೆಳಗೆ ಬರುತ್ತದೆ ಅಲ್ವಾ? ನಮ್ಮ ಕಡೆ ಒಬ್ಬರು ಹಾಗೇ ಮಾಡಿ ಓಡಿಸುತ್ತಿದ್ದರು.

ಚಾಂಪಿಯನ್ ರೀಫ್

ಬೇಡ ಸರ್. ಶಾಫ್ಟ್ ಒಳಗೆ ಟೊಳ್ಳು. ಆಯಿಲ್ ಒಂದು ಬ್ರಾಕೆಟ್‌ನ ತೂತಿನಿಂದ ಏರಿ, ಶಾಫ್ಟ್ ಒಳಗೆ ಹರಿದು, ಒಂದೊಂದು ರಾಕರ್ ಕೆಳಗಿರುವ ತೂತಿನಿಂದ ಹೊರಗೆ ಬರುತ್ತದೆ. ಜಾಗ ತಪ್ಪದಿರಲಿ ಎಂದು ಶಾಫ್ಟ್ ಅನ್ನು ಒಂದು ಬ್ರಾಕೆಟ್‌ನಲ್ಲಿ ಸ್ಕ್ರೂ ಹಾಕಿ ಹಿಡಿದಿರುತ್ತಾರೆ. ಅದನ್ನು ಬಿಟ್ಟು ತಿರುಗಿಸಿದರೆ ತೂತುಗಳ ದಿಕ್ಕು ಬದಲಾಗುತ್ತದೆ. ಭಾರ ಬೀಳುವ ಕಡೆ ಆಯಿಲ್ ಸಿಗುವುದಿಲ್ಲ.

ನಮ್ಮ ತಂದೆ ಗಣಿಯಲ್ಲಿ ಫಿಟ್ಟರ್. 2001ರ ಫೆಬ್ರುವರಿ 28ಕ್ಕೆ ಗಣಿ ಮುಚ್ಚುವವರೆಗೂ ಕೆಲಸ ಮಾಡಿದರು. ಬುಷ್ ಹೋದ ಮೆಷಿನ್ ಬಂದರೆ ಅವರು ಮೊದಲು ಬುಷ್ ನೋಡುತ್ತಿರಲಿಲ್ಲ, ಆಯಿಲ್ ದಾರಿ ನೋಡುತ್ತಿದ್ದರು. ಬುಷ್ ತಾನಾಗಿ ಸವೆಯುವುದಿಲ್ಲ ಎನ್ನುವುದು ಅವರ ಮಾತು. ನಿಮ್ಮ ಶಾಫ್ಟ್‌ನ ಒಂದು ತುದಿಯ ಪ್ಲಗ್ ತಿರುಪಿನದು, ಬಿಚ್ಚಬಹುದು. ಬಿಚ್ಚಿ ಒಳಗೆ ಬೆಳಕು ಬಿಟ್ಟು ನೋಡಿ. ಕಪ್ಪು ಜಿಡ್ಡು ಕಟ್ಟಿದ್ದರೆ ಮೂರು ಮತ್ತು ಆರು ಯಾಕೆ ಮೊದಲು ಸವೆದವು ಅಂತ ಅಲ್ಲೇ ಗೊತ್ತಾಗುತ್ತದೆ.

ಬಟವಾಡಿ ಮಾರ್ಕ್ 4

ಇವತ್ತಿನ ವರದಿ. ಅಂತರಸನಹಳ್ಳಿ ಕಡೆ ಒಬ್ಬ ಹಿರಿಯ ಮೆಕ್ಯಾನಿಕ್ ಸಿಕ್ಕರು. ನಾನು ಬಾಯಿ ಬಿಡುವ ಮುಂಚೆಯೇ ಬಕೆಟ್ ತಂದು ರೇಡಿಯೇಟರ್ ಕೆಳಗೆ ಇಟ್ಟರು. ಅಲ್ಲೇ ಧೈರ್ಯ ಬಂತು.

ಸೆಟ್ ಬಿಚ್ಚಿದೆವು. ಶಾಫ್ಟ್ ಮೇಲೆ ಕನ್ನಡಿ, ಅಡಿಯಲ್ಲಿ ಮೆಟ್ಟಿಲು. ಪ್ಲಗ್ ತೆಗೆದು ಮೊಳೆ ತೂರಿಸಿದರೆ ಗಟ್ಟಿ ಜಿಡ್ಡು ಎಳೆ ಎಳೆಯಾಗಿ ಬಂತು. ಮೂರನೇ ರಾಕರ್‌ನ ತೂತು ಪೂರ್ತಿ ಕಟ್ಟಿತ್ತು. ಆರನೆಯದರಲ್ಲಿ ಸೂಜಿ ಹೋಗುವಷ್ಟು ಜಾಗ. ಗಾಡಿ ನಾಲ್ಕು ವರ್ಷ ಶೆಡ್‌ನಲ್ಲೇ ನಿಂತಿತ್ತು. ಆಯಿಲ್ ಬದಲಿಸದೆ ಅದರಲ್ಲೇ ಸ್ಟಾರ್ಟ್ ಮಾಡಿದ್ದೆ. ಅದರ ಫಲ ಇದು.

ಮೇಷ್ಟ್ರ ಮನೆಯಲ್ಲಿ ಅಳೆದೆವು. ಸವೆಯದ ಜಾಗದಲ್ಲಿ 0.6245. ಮೂರನೇ ರಾಕರ್ ಕೂರುವ ಜಾಗದಲ್ಲಿ 0.619. ಅಂದರೆ ಶಾಫ್ಟ್‌ನಲ್ಲೇ ಐದೂವರೆ ಥೌ ಹೋಗಿದೆ. ಬುಷ್ ಸವೆತ ಅದರ ಮೇಲೆ. ಶಾಫ್ಟೂ ಹೊಸದೇ ಎಂದು ತೀರ್ಮಾನ ಆಯಿತು.

ವಾಚ್ ಮೇಷ್ಟ್ರು

ಅಪ್ಪನನ್ನೂ ಕರೆತಂದಿದ್ದರು. ಎರಡು ಗಂಟೆ ಕೂತು ಮಾತಾಡಿದೆವು. ಅವರ ಕೈಯಲ್ಲಿ ಇನ್ನೂ ನಮ್ಮ ಫ್ಯಾಕ್ಟರಿ ವಾಚ್ ಇದೆ, ಸರಿಯಾದ ಟೈಮ್ ತೋರಿಸುತ್ತಿದೆ. ನನಗೆ ಬಹಳ ಸಂತೋಷ ಆಯಿತು.

ಚಾಂಪಿಯನ್ ರೀಫ್

ಒಳ್ಳೆ ಕೆಲಸ. ಈಗ ಬುಷ್ ಒತ್ತುವಾಗ ಎರಡು ವಿಷಯ.

ಒಂದು, ಬುಷ್‌ನ ಸಂದು ರಾಕರ್‌ನ ಮೇಲ್ಭಾಗಕ್ಕೆ ಬರಬೇಕು. ಭಾರ ಬೀಳುವುದು ಕೆಳಗೆ, ಸಂದು ಅಲ್ಲಿದ್ದರೆ ಬುಷ್ ಬೇಗ ಬಿಡುತ್ತದೆ. ಸುತ್ತಿಗೆಯಲ್ಲಿ ನೇರ ಹೊಡೆಯಬೇಡಿ. ಅಳತೆಗೆ ತಕ್ಕ ಡ್ರಿಫ್ಟ್ (ಒತ್ತುವ ಕಡ್ಡಿ) ಇಟ್ಟು ವೈಸ್‌ನಲ್ಲೋ ಪ್ರೆಸ್‌ನಲ್ಲೋ ಒತ್ತಿಸಿ.

ಎರಡು, ಹೊಸ ಬುಷ್ ಒತ್ತಿದ ಕೂಡಲೇ ರಾಕರ್‌ನ ಆಯಿಲ್ ತೂತು ಮುಚ್ಚಿಹೋಗುತ್ತದೆ. ಬುಷ್‌ನಲ್ಲೂ ಅದೇ ಜಾಗಕ್ಕೆ ಸಣ್ಣ ಡ್ರಿಲ್‌ನಲ್ಲಿ ತೂತು ಕೊರೆಯಬೇಕು. ಕೊರೆದಮೇಲೆ ರೀಮರ್. ಮೊದಲು ರೀಮ್ ಮಾಡಿ ಆಮೇಲೆ ಕೊರೆದರೆ ಒಳಗೆ ಮುಳ್ಳು ಉಳಿದು ಹೊಸ ಶಾಫ್ಟ್ ಗೀರುತ್ತದೆ.

ಶಿಡ್ಲಘಟ್ಟ ರೀಲಿಂಗ್

ತೂತಿನ ವಿಷಯ ಮರೆಯಬೇಡಿ. ನನ್ನ ಸ್ನೇಹಿತರ ಗಾಡಿಯಲ್ಲಿ ಒಬ್ಬರು ಮರೆತರು. ನಂದಿಬೆಟ್ಟ ಹತ್ತುವಾಗ ಅರ್ಧ ದಾರಿಯಲ್ಲಿ ರಾಕರ್ ಕಚ್ಚಿಕೊಂಡು ಪುಶ್ ರಾಡ್ ಬಾಗಿತು. ಮಳೆ ಬೇರೆ. ಟೋ ಮಾಡಿಸಿಕೊಂಡು ಚಿಕ್ಕಬಳ್ಳಾಪುರಕ್ಕೆ ಬರುವಾಗ ರಾತ್ರಿ ಹತ್ತು.

ಗೌರಿಬಿದನೂರು ಪದ್ಮಿನಿ

ಎಲ್ಲಾ ರಾಕರ್‌ಗೂ ಬುಷ್ ಇರುತ್ತದಾ? ನಾನು ನೋಡಿದ ಒಂದು ಸೆಟ್‌ನಲ್ಲಿ ಬುಷ್ಷೇ ಇರಲಿಲ್ಲ.

ಚಾಂಪಿಯನ್ ರೀಫ್

ಎರಡು ಬಗೆ ಇದೆ. ಫೋರ್ಜ್ ಮಾಡಿದ ಗಟ್ಟಿ ರಾಕರ್‌ಗೆ ಬುಷ್ ಬದಲಿಸಬಹುದು. ತಗಡು ಒತ್ತಿ ಮಾಡಿದ ಬಗೆಗೆ ಬುಷ್ ಹಾಕಲು ಬರುವುದಿಲ್ಲ, ರಾಕರೇ ಬದಲಿಸಬೇಕು. ಬಟವಾಡಿಯವರದು ಗಟ್ಟಿಯದು.

ಚಿಂತಾಮಣಿ ಟ್ಯಾಕ್ಸಿ

ಹೊಗೆ ಬರುತ್ತಿತ್ತಾ ನಿಮ್ಮದರಲ್ಲಿ? ಬುಷ್ ಸಡಿಲ ಇದ್ದರೆ ಆಯಿಲ್ ಮೇಲೆ ಜಾಸ್ತಿ ಚೆಲ್ಲುತ್ತದೆ. ವಾಲ್ವ್ ಗೈಡ್‌ನಿಂದ ಒಳಗಿಳಿದು ನೀಲಿ ಹೊಗೆ ಬರುತ್ತದೆ. ತಂದೆ ಗಾಡಿಗೆ ಅದನ್ನೇ ನೋಡಿ ಪಿಸ್ಟನ್ ರಿಂಗ್ ಹೋಗಿದೆ ಎಂದಿದ್ದರು, ರಿಂಗ್ ಚೆನ್ನಾಗೇ ಇತ್ತು.

ಬಟವಾಡಿ ಮಾರ್ಕ್ 4

ಬರುತ್ತಿತ್ತು ಅಕ್ಕ, ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಸ್ವಲ್ಪ. 35 ಸಾವಿರ ಹೇಳಿದವರು ಆ ಹೊಗೆ ತೋರಿಸಿಯೇ ಎಂಜಿನ್ ಹೋಗಿದೆ ಎಂದಿದ್ದು.

ಕೆಲಸ ಮುಗಿಯಿತು. ಎಂಟು ಬುಷ್, ಹೊಸ ಶಾಫ್ಟ್, ಹೊಸ ಟಪ್ಪೆಟ್ ಕವರ್ ಗ್ಯಾಸ್ಕೆಟ್. ಎರಡು ರಾಕರ್ ಮೂತಿ ಗುಳಿ ಬಿದ್ದಿತ್ತು, ಅವನ್ನು ಸಾಣೆ ಹಿಡಿಸಿದೆವು. ಹೆಡ್ ನಟ್‌ಗಳನ್ನು ಕ್ರಮದಲ್ಲಿ ಬಿಗಿ ಮಾಡಿ, ಆಯಿಲ್, ಫಿಲ್ಟರ್ ಎರಡೂ ಹೊಸದು ಹಾಕಿದೆವು. ಕವರ್ ಹಾಕದೆ ಸ್ಟಾರ್ಟ್ ಮಾಡಿ ನೋಡಿದರೆ ಎಂಟೂ ರಾಕರ್‌ನಿಂದ ಆಯಿಲ್ ಜಿನುಗುತ್ತಿತ್ತು. ಮೂರನೆಯದರಲ್ಲಿ ಆಯಿಲ್ ಕಂಡಾಗ ಆ ಹಿರಿಯರು ನನ್ನ ಬೆನ್ನು ತಟ್ಟಿದರು.

ಟಪ್ಪೆಟ್ ಸೆಟ್ ಮಾಡಲು ಒಂಬತ್ತರ ಲೆಕ್ಕವನ್ನೂ ಅವರೇ ಹೇಳಿಕೊಟ್ಟರು. ಎಂಟನೇ ವಾಲ್ವ್ ಪೂರ್ತಿ ತೆರೆದಾಗ ಒಂದನೆಯದು ಸೆಟ್ ಮಾಡು. ಆರನೆಯದು ತೆರೆದಾಗ ಮೂರನೆಯದು. ಎರಡೂ ಕೂಡಿದರೆ ಒಂಬತ್ತು ಬರಬೇಕು. ಇಷ್ಟು ದಿನ ಹ್ಯಾಂಡಲ್ ಹಾಕಿ ಸುಮ್ಮನೆ ತಿರುಗಿಸುತ್ತಾ ಹುಡುಕುತ್ತಿದ್ದೆ.

ವಾಚ್ ಮೇಷ್ಟ್ರು

200 ಕಿ.ಮೀ. ಓಡಿದಮೇಲೆ ಒಮ್ಮೆ ಟಪ್ಪೆಟ್ ನೋಡಿ. ಹೆಡ್ ಬಿಗಿಯೂ ನೋಡಿ. ಹೆಡ್ ಬಿಗಿ ಮಾಡಿದರೆ ಟಪ್ಪೆಟ್ ಗ್ಯಾಪ್ ಬದಲಾಗುತ್ತದೆ, ಆದ್ದರಿಂದ ಹೆಡ್ ಮೊದಲು, ಟಪ್ಪೆಟ್ ಆಮೇಲೆ.

ಶಿರಾ ಗೇಟ್

ಸದ್ದು?

ಬಟವಾಡಿ ಮಾರ್ಕ್ 4

ಇಲ್ಲ. ಭಾನುವಾರ ಅಪ್ಪನನ್ನು ಕೂರಿಸಿಕೊಂಡು ದೇವರಾಯನದುರ್ಗಕ್ಕೆ ಹೋದೆ. ಘಾಟಿಯಲ್ಲಿ ಎರಡನೇ ಗೇರ್‌ನಲ್ಲಿ ಹತ್ತಿತು. ಇಳಿದು ಬರುವಾಗ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದೆವು. ಅಪ್ಪ ದಾರಿಯುದ್ದಕ್ಕೂ ಕಿಟಕಿ ಗಾಜು ಇಳಿಸಿಕೊಂಡೇ ಕೂತಿದ್ದರು, ಎಂಜಿನ್ ಕೇಳಿಸಲಿ ಎಂದು. ಆಯಿಲ್ ಕಡ್ಡಿ ದಿನಾ ನೋಡುತ್ತಿದ್ದೇನೆ ಅಕ್ಕ, ಬಣ್ಣ ಚೆನ್ನಾಗಿದೆ.

ಚಿಂತಾಮಣಿ ಟ್ಯಾಕ್ಸಿ

ಒಂದು ವಾರ ನೋಡಿ. ಆ ಹಳೆ ಶಾಫ್ಟ್ ಎಸೆದಿದ್ದೀರಾ? ಎಸೆದಿಲ್ಲದಿದ್ದರೆ ನನಗೆ ಕೊಡಿ. ನಮ್ಮ ಗಾಡಿ ಈಗಲೂ ಊರಲ್ಲಿದೆ, ಈ ಬೇಸಿಗೆಗೆ ಎಬ್ಬಿಸಬೇಕು ಎಂದಿದ್ದೇನೆ. ಮೆಟ್ಟಿಲು ಹೇಗಿರುತ್ತದೆ ಎಂದು ಇಲ್ಲಿಯ ಹುಡುಗರಿಗೆ ಕೈಗೆ ಕೊಟ್ಟು ತೋರಿಸಬೇಕು.

ಬಟವಾಡಿ ಮಾರ್ಕ್ 4

ಇದೆ, ಪೇಪರ್‌ನಲ್ಲಿ ಸುತ್ತಿಟ್ಟಿದ್ದೇನೆ. ಮುಂದಿನ ವಾರ ಆ ಕಡೆ ಬರುವುದಿದೆ, ತಂದುಕೊಡುತ್ತೇನೆ. ರೀಮರ್ ಕೂಡ ಬೇಕಾದರೆ ಹೇಳಿ, ಆ ಹಿರಿಯರನ್ನು ಕೇಳುತ್ತೇನೆ.